ತೊಡೆ ಕೊಡದೆ ಎತ್ತುವುದು

ಹರಿಹರದ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಬೆಳಗಿನ ಆರು ಗಂಟೆ. ಫೆಬ್ರುವರಿಯ ಚಳಿ ಇನ್ನೂ ಊರು ಬಿಟ್ಟಿಲ್ಲ. ಇಬ್ಬರು ಹಮಾಲರು ವ್ಯಾಗನ್ನಿನ ಸೀಲು ಒಡೆದು, ಕಬ್ಬಿಣದ ಬಾಗಿಲನ್ನು ಹೆಗಲು ಕೊಟ್ಟು ಸರಿಸುತ್ತಾರೆ. ಒಳಗೆ ಸೂರಿನತನಕ ಗೋಧಿ ಚೀಲ. ಒಂದೊಂದೂ ತೊಂಬತ್ತೈದು ಕಿಲೋ. ಧೂಳಿಗೆ ಮೊದಲು ಸೀನುವವನು ನಾನು. ಅಲ್ಲಿರುವ ಉಳಿದವರೆಲ್ಲ ಸೀನುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ.

ಷೆಡ್ಡಿನ ಕಟ್ಟಳೆ ಸರಳವಾಗಿದೆ. ವ್ಯಾಗನ್ನಿನ ಒಳಗೆ ಇಬ್ಬರು ಎತ್ತುವವರು ನಿಲ್ಲಬೇಕು. ಚೀಲದ ಆ ಕಡೆ ಒಬ್ಬ, ಈ ಕಡೆ ಒಬ್ಬ. ಇಬ್ಬರೂ ಕೂಡಿ ಎತ್ತಿ ಹೊರುವವನ ಬೆನ್ನಿಗೆ ಕೊಡಬೇಕು. ಹೊರುವವರು ಸಾಲಾಗಿ ಬರುತ್ತಾರೆ, ಬಾಗುತ್ತಾರೆ, ಹೊತ್ತುಕೊಂಡು ಹೋಗುತ್ತಾರೆ. ಎತ್ತುವ ಇಬ್ಬರಿಗೆ ಇಲ್ಲಿ ಜೋಡಿ ಎನ್ನುತ್ತಾರೆ. ಮೊದಲ ವ್ಯಾಗನ್ನಿನಲ್ಲಿ ಒಂದು ಜೋಡಿ, ಎರಡನೆಯದರಲ್ಲಿ ಒಂದು ಜೋಡಿ ನಿಂತಿದೆ. ಮೂರನೆಯ ವ್ಯಾಗನ್ನಿನಲ್ಲಿ ಒಬ್ಬರೇ ಇದ್ದಾರೆ.

ಅವರು ಮಕ್ತುಮ್ ಸಾಬ್. ವಯಸ್ಸು ಮೂವತ್ತೇಳು, ತೂಕ ಅರವತ್ತಾರು ಕಿಲೋ. ನೋಡಿದರೆ ಪೈಲ್ವಾನರೆಂದು ಯಾರೂ ಹೇಳುವುದಿಲ್ಲ. ಕುಳ್ಳು ಮೈ, ಉದ್ದ ತೋಳು, ಕುತ್ತಿಗೆ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಮೇಲಿನ ಸಾಲಿನ ಚೀಲಗಳನ್ನು ಅವರು ಎತ್ತುವುದೇ ಇಲ್ಲ, ಕೊಕ್ಕೆ ಹಾಕಿ ಎಳೆದು ಹೊರುವವನ ಬೆನ್ನಿಗೆ ಜಾರಿಸುತ್ತಾರೆ. ಸೊಂಟಕ್ಕಿಂತ ಕೆಳಗಿನ ಸಾಲು ಬಂದಾಗ ನಿಜವಾದ ಕೆಲಸ ಶುರುವಾಗುತ್ತದೆ. ಬಾಗಿ ಚೀಲದ ಎರಡು ಕಿವಿ, ಎಂದರೆ ಮೂಲೆ, ಹಿಡಿಯುತ್ತಾರೆ. ಮೊಣಕಾಲಿನವರೆಗೆ ಎಳೆದು, ಅಲ್ಲಿ ಬಲತೊಡೆಯನ್ನು ಅದರ ಕೆಳಗೆ ಕೊಡುತ್ತಾರೆ. ಅರೆಕ್ಷಣ ಚೀಲ ತೊಡೆಯ ಮೇಲೆ ಕೂರುತ್ತದೆ. ತೊಡೆಯಿಂದ ಒಂದು ಏಟು ಕೊಟ್ಟರೆ ಚೀಲ ಎದೆಯ ಮಟ್ಟಕ್ಕೆ ಏರಿ ಹೊರುವವನ ಬೆನ್ನಿಗೆ ಬೀಳುತ್ತದೆ. ಇಡೀ ವ್ಯಾಗನ್ನಿಗೆ ಹೀಗೆ ನೂರಾ ಹತ್ತು ಸಲ. ನಾನು ಎಣಿಸುತ್ತ ಕುಳಿತಿದ್ದೆ. ನಲವತ್ತರ ಹೊತ್ತಿಗೆ ನನ್ನ ಬೆನ್ನೇ ನೋಯತೊಡಗಿತ್ತು.

ಆ ತೊಡೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಬರಹ ಬಂದಿರುವುದು ಅದರಿಂದ.

ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಕಳೆದ ಜನವರಿಯ ಮೂರನೆಯ ಭಾನುವಾರ ದಾವಣಗೆರೆಯ ಶಾಲೆಯೊಂದರ ಸಭಾಂಗಣದಲ್ಲಿ ಜಿಲ್ಲಾ ಮಟ್ಟದ ಹವ್ಯಾಸಿ ಪವರ್ ಲಿಫ್ಟಿಂಗ್ ಸ್ಪರ್ಧೆ ನಡೆಯಿತು. ವರದಿಗೆ ಹೋದವನು ನಾನೇ. ಉದ್ಘಾಟನೆಯ ಭಾಷಣಗಳಿಗೆ ಭಾರ ಎತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಧ್ಯಾಹ್ನ ಎರಡಾದರೂ ಮುಗಿಯುವ ಲಕ್ಷಣ ಕಾಣಲಿಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು. ಗೆದ್ದವರ ಪಟ್ಟಿ ಸಂಜೆ ಕಚೇರಿಗೆ ಕಳಿಸಿರೆಂದು ಹೇಳಿ ನಾನು ಹೋಟೆಲಿಗೆ ನಡೆದೆ. ಮರುದಿನ ನಾಲ್ಕು ಸಾಲಿನ ಸುದ್ದಿ ಬಂತು. ಅರವತ್ತೇಳೂವರೆ ಕಿಲೋ ವಿಭಾಗದಲ್ಲಿ ಗೆದ್ದ ಬ್ಯಾಂಕ್ ಗುಮಾಸ್ತರ ಹೆಸರಿತ್ತು. ಕೊನೆಯಲ್ಲಿ 'ಇತರರು ಭಾಗವಹಿಸಿದ್ದರು' ಎಂದು ಬರೆದಿದ್ದೆ.

ವಾರದ ನಂತರ ಕಚೇರಿಗೆ ಒಬ್ಬರು ಬಂದರು. ದಾವಣಗೆರೆಯ ಹಳೇಪೇಟೆಯಲ್ಲಿ ಹತ್ತಿ ಗೋದಾಮೊಂದನ್ನು ವ್ಯಾಯಾಮ ಶಾಲೆ ಮಾಡಿಕೊಂಡಿರುವ ಗುಡ್ಡಪ್ಪ ಮಾಸ್ತರರು. ಜಗಳಕ್ಕೆ ಬಂದಿದ್ದರೆ ನಾನು ಜಗಳ ಆಡುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು. "ನನ್ನ ಹುಡುಗ ಎರಡನೇ ನಂಬರ್ ಬಂದಾನ್ರಿ. ಅವಂಗೆ ಓದಾಕ ಬರಲ್ಲ. ಪೇಪರ್ ತಗಂಡು ಬಂದು, ನನ್ನ ಹೆಸರು ಎಲ್ಲೈತೆ ತೋರ್ಸ್ರಿ ಅಂದ. ಏನ್ಮಾಡ್ಲಿ, 'ಇತರರು' ಅನ್ನೋದರ ಮೇಲೆ ಬೆರಳು ಇಟ್ಟೆ. ನನ್ನ ಹೆಸರು ಇಷ್ಟು ಸಣ್ಣದೇನ್ರಿ ಅಂತ ಕೇಳಿದ."

ಅವರ 'ಹುಡುಗ' ಮೂವತ್ತೇಳರ ಹಮಾಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಪುರವಣಿಗೆ ಎಲೆಮರೆಯ ಕಾಯಿ ಹುಡುಕಿ ಎಂದು ಸಂಪಾದಕರು ತಿಂಗಳಿಂದ ಪೀಡಿಸುತ್ತಿದ್ದರು. ಈ ಕಾಯಿಯ ಮೇಲೆ ಎಲೆ ಮುಚ್ಚಿದವನು ನಾನೇ ಆದ್ದರಿಂದ, ಬೆಳಗಿನ ನಿದ್ದೆ ಬಿಟ್ಟು ಹರಿಹರದ ಬಸ್ಸು ಹತ್ತಿದೆ.

ಹತ್ತೂವರೆಗೆ ವ್ಯಾಗನ್ ಖಾಲಿಯಾಗುತ್ತದೆ. ಉಳಿದ ಹಮಾಲರು ಗುಂಪಾಗಿ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ, ಒಬ್ಬರ ಬೆನ್ನ ಧೂಳನ್ನು ಇನ್ನೊಬ್ಬರು ಕೊಡವುತ್ತಾರೆ. ಮಕ್ತುಮ್ ಸಾಬರು ಬೇರೆ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಾರೆ. ಯಾರೂ ಅವರನ್ನು ದೂರ ಇಟ್ಟ ಹಾಗೆ ಕಾಣುವುದಿಲ್ಲ. ಹಾದುಹೋಗುವವರೆಲ್ಲ "ಮಕ್ತುಮಣ್ಣ" ಎಂದು ಮಾತನಾಡಿಸುತ್ತಾರೆ. ಕೂರುವವರು ಮಾತ್ರ ಯಾರೂ ಇಲ್ಲ. ಅವರ ಬೆನ್ನ ಮೇಲಿನ ಧೂಳು ಮಧ್ಯಾಹ್ನದವರೆಗೂ ಹಾಗೇ ಇರುತ್ತದೆ.

ಸ್ಪರ್ಧೆಯ ಮಾತು ತೆಗೆದರೆ ಅವರು ಮಂಡಕ್ಕಿ ಬದಿಗಿಡುತ್ತಾರೆ. ಪವರ್ ಲಿಫ್ಟಿಂಗ್ ಎಂದರೆ ಮೂರು ಪರೀಕ್ಷೆ. ಕಬ್ಬಿಣದ ರಾಡನ್ನು ಹೆಗಲ ಮೇಲೆ ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಏಳಬೇಕು. ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ದೂಡಬೇಕು. ನೆಲದ ಮೇಲಿರುವುದನ್ನು ಎತ್ತಿ ನೆಟ್ಟಗೆ ನಿಲ್ಲಬೇಕು. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ಎತ್ತಿದ ಹೆಚ್ಚಿನ ತೂಕ ಕೂಡಿದರೆ ಒಟ್ಟು ಬರುತ್ತದೆ. ಯಾರ ಒಟ್ಟು ದೊಡ್ಡದೋ ಅವರು ರಾಜ್ಯಮಟ್ಟಕ್ಕೆ. ಎರಡನೆಯವರಿಗೆ ಒಂದು ಪ್ರಶಸ್ತಿಪತ್ರ, ಒಂದು ಸ್ಟೀಲ್ ತಟ್ಟೆ, ಮುಂದಿನ ಜನವರಿಯವರೆಗೆ ಬಿಡುವು.

ಬೆನ್ನಿನ ಕೆಲಸದಲ್ಲಿ ಅವರಿಗೆ ಹೆದರಿಕೆಯಿರಲಿಲ್ಲ. ನೂರಾ ನಲವತ್ತೈದು ಹೊತ್ತು ಎದ್ದರು. ಮಲಗಿ ದೂಡುವುದರಲ್ಲಿ ಎಪ್ಪತ್ತೈದಕ್ಕೇ ಸುಸ್ತು. "ಮಕ್ಕಂಡು ಕೆಲ್ಸ ಮಾಡಿದ್ದೇ ಇಲ್ಲಲ್ರಿ ನಾನು. ಮಕ್ಕಂಡ್ರೆ ನಿದ್ದಿ ಬರ್ತೈತೆ" ಎನ್ನುತ್ತಾರೆ, ನಗದೆ. ಗುಮಾಸ್ತರು ಅಲ್ಲಿ ಮುಂದೆ ಹೋದರು. ನೆಲದಿಂದ ಎತ್ತುವ ಸರದಿ ಬರುವಾಗ ಅವರಿಬ್ಬರೇ ಉಳಿದಿದ್ದರು. ಗುಮಾಸ್ತರ ಒಟ್ಟು ನಾನೂರ ಏಳೂವರೆಗೆ ನಿಂತಿತು. ಮಕ್ತುಮ್ ಸಾಬರು ಎರಡನೆಯ ಸಲ ನೂರಾ ಎಂಬತ್ತೆರಡೂವರೆ ಎತ್ತಿದ್ದರು. ಒಟ್ಟು ನಾನೂರ ಎರಡೂವರೆ. ಕೊನೆಯ ಅವಕಾಶಕ್ಕೆ ನೂರಾ ತೊಂಬತ್ತು ಹಾಕಿಸಿದರು. ಎದ್ದರೆ ಗೆಲುವು. ಅದಕ್ಕಿಂತ ಹೆಚ್ಚಿನ ಲೆಕ್ಕ ಇರಲಿಲ್ಲ.

ಆ ಹೊತ್ತಿಗೆ ನಾನು ಹೋಟೆಲಿನಲ್ಲಿ ಕೈ ತೊಳೆಯುತ್ತಿದ್ದೆ. ಆದ್ದರಿಂದ ಮುಂದಿನದು ಅವರು ಹೇಳಿದ್ದು. ರಾಡು ಮೊಣಕಾಲಿನವರೆಗೆ ಸಲೀಸಾಗಿ ಬಂತು. ಅಲ್ಲಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಆಮೇಲೆ ಏನಾಯಿತೋ, ಸಭಾಂಗಣ ಚಪ್ಪಾಳೆ ಹೊಡೆಯಿತು, ಅವರು ನೆಟ್ಟಗೆ ನಿಂತಿದ್ದರು, ರಾಡು ಕೈಯಲ್ಲಿತ್ತು. ಮುಖ್ಯ ತೀರ್ಪುಗಾರರು ಕೈ ಇಳಿಸುವವರೆಗೆ ಕಾದು, ಮೆತ್ತಗೆ ನೆಲಕ್ಕಿಟ್ಟು, ಸಲಾಮು ಮಾಡಿದರು. ಮೂವರು ತೀರ್ಪುಗಾರರಲ್ಲಿ ಇಬ್ಬರು ಎತ್ತಿದ್ದು ಕೆಂಪು ಬಾವುಟ.

"ನಂಗೆ ಏನ್ ತಪ್ಪು ಅಂತಾನೇ ತಿಳೀಲಿಲ್ರಿ. ಎತ್ತೀನಿ, ನಿಂತೀನಿ, ಕಾದೀನಿ, ಇಟ್ಟೀನಿ. ಆಮ್ಯಾಲೆ ದೊಡ್ಡ ಸಾಹೇಬ್ರು ಕರ್ದು ನನ್ನ ಬಲತೊಡಿ ಮ್ಯಾಲೆ ಕೈ ಇಟ್ಟು ತೋರ್ಸಿದ್ರು. ಇದರ ಮ್ಯಾಲೆ ಕುಂದ್ರಿಸಿದೆಪ್ಪಾ, ಕುಂದ್ರಿಸಂಗಿಲ್ಲ ಅಂದ್ರು."

ಭಾರವನ್ನು ತೊಡೆಗೆ ಆನಿಸುವುದು ಈ ಆಟದಲ್ಲಿ ದೋಷ. ಗೂಡ್ಸ್ ಷೆಡ್ಡಿನಲ್ಲಿ ಅದೇ ಕಸುಬು. ನೂರಾ ತೊಂಬತ್ತು ಕಿಲೋ ನಡುವೆ ನಿಂತಾಗ ಅವರ ಮೈ ತನಗೆ ಗೊತ್ತಿದ್ದನ್ನು ಮಾಡಿತು. ಮೊಣಕಾಲು ಬಾಗಿತು, ತೊಡೆ ಹೋಯಿತು, ಏಟು ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ದುಡಿದ ಗುಣವೂ ಅಷ್ಟೇ ಹಟಮಾರಿ ಎಂದು ನನಗೆ ಅನಿಸಿತು.

ಆ ದಿನ ಅವರ ಕಡೆಯವರು ಯಾರೂ ಸಭಾಂಗಣದಲ್ಲಿ ಇರಲಿಲ್ಲ. ಇದ್ದ ಗುಡ್ಡಪ್ಪ ಮಾಸ್ತರರೂ ರಾಡಿನ ತೂಕ ಬದಲಿಸುವ ಕೆಲಸದಲ್ಲಿದ್ದರು. ಸ್ಟೀಲ್ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮಕ್ತುಮ್ ಸಾಬರು ಸಂಜೆಯ ಪ್ಯಾಸೆಂಜರಿನಲ್ಲಿ ಹರಿಹರಕ್ಕೆ ಬಂದಿಳಿದರು. ಹದಿನೈದು ಕಿಲೋಮೀಟರು ದಾರಿ. ಗೆದ್ದಿದ್ದರೆ ಯಾರಿಗೆ ಹೇಳುತ್ತಿದ್ದಿರಿ ಎಂದು ಕೇಳಿದೆ. ಆಪಾಗೆ ಎಂದರು.

ಆಪಾ ಎಂದರೆ ಅಕ್ಕ ಮಾಬೂಬೀ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಆಕೆ ಬೀಡಿ ಕಟ್ಟುತ್ತಾರೆ. ಮಕ್ತುಮ್ ಸಾಬರು ಮದುವೆಯಾಗಿಲ್ಲ, ಮಾಬೂಬೀಯವರು ಗಂಡನನ್ನು ಕಳೆದುಕೊಂಡು ಇಪ್ಪತ್ತು ವರ್ಷವಾಗಿದೆ. ಸ್ಟೀಲ್ ತಟ್ಟೆ ಈಗ ತಂಬಾಕಿನ ತಟ್ಟೆಯಾಗಿದೆ. ಸ್ಪರ್ಧೆಯ ಬಗ್ಗೆ ಆಕೆಗೆ ಇರುವುದು ಒಂದೇ ತಕರಾರು, ಅದನ್ನು ನನ್ನ ಮುಂದೆ ಇಟ್ಟರು. "ಅಷ್ಟು ತೂಕ ಎತ್ತಿದ್ನಂತೆ, ತಿರುಗಿ ಅಲ್ಲೇ ಇಟ್ನಂತೆ. ಅಲ್ಲೇ ಇಡಾದಾದ್ರೆ ಎತ್ತಾದ್ ಯಾಕ್ರಿ? ಎಲ್ಲಿಗಾದ್ರೂ ಸಾಗ್ಸಾದಿದ್ರೆ ಒಂದು ಮಾತು."

ಈ ಆಟಕ್ಕೆ ಅವರು ಬಂದದ್ದೇ ಒಂದು ಪೆಟ್ಟಿಗೆಯಿಂದ. ನಾಲ್ಕು ವರ್ಷದ ಹಿಂದೆ ಗುಡ್ಡಪ್ಪ ಮಾಸ್ತರರ ಹೆಸರಿಗೆ ರೈಲಿನಲ್ಲಿ ಕಬ್ಬಿಣದ ತಟ್ಟೆಗಳ ಮರದ ಪೆಟ್ಟಿಗೆಯೊಂದು ಬಂತು. ಪಾರ್ಸಲ್ಲು ತಪ್ಪಿ ದಾವಣಗೆರೆಯಲ್ಲಿ ಇಳಿಯದೆ ಹರಿಹರದಲ್ಲಿ ಇಳಿದಿತ್ತು. ಚೀಲವಾದರೆ ಮೈಗೆ ಒಗ್ಗುತ್ತದೆ, ಪೆಟ್ಟಿಗೆ ಒಗ್ಗುವುದಿಲ್ಲ. ಜೋಡಿಯವರೆಲ್ಲ ಒಲ್ಲೆ ಎಂದರು. ಮಕ್ತುಮ್ ಸಾಬರು ಒಬ್ಬರೇ ಅದನ್ನು ಎತ್ತಿ ಟೆಂಪೋದ ಮೇಲಿಟ್ಟರು. ಒಳಗೆ ನೂರಾ ಮೂವತ್ತು ಕಿಲೋ ಇತ್ತು. ಪೆಟ್ಟಿಗೆ ಒಯ್ಯಲು ಬಂದಿದ್ದ ಮಾಸ್ತರರು, ಹೊರಟ ಟೆಂಪೋ ನಿಲ್ಲಿಸಿ ಅವರನ್ನು ಮಾತನಾಡಿಸಲು ಕೆಳಗಿಳಿದರು. ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಕ್ತುಮ್ ಸಾಬರು ಹಳೇಪೇಟೆಯ ಗೋದಾಮಿಗೆ ಹೋಗುತ್ತಾರೆ. ಉಳಿದ ದಿನ ಹರಿಹರದಲ್ಲೇ ಅಭ್ಯಾಸ. ರಜಾಕ್ ಎಂಬ ಗೆಳೆಯರ ಗುಜರಿ ಅಂಗಡಿಯ ಹಿಂದೆ ಹಳೆಯ ಲೇತಿನ ಶಾಫ್ಟೊಂದಿದೆ. ಅದರ ಎರಡು ತುದಿಗೆ ಎರಡು ಗಾಲಿ ಸಿಕ್ಕಿಸಿದರೆ, ಗುಜರಿಯ ತಕ್ಕಡಿಯ ಪ್ರಕಾರ ನೂರಾ ಅರವತ್ತೆರಡು ಕಿಲೋ.

ಮುಂದಿನ ಜನವರಿಗೆ ಹನ್ನೊಂದು ತಿಂಗಳಿದೆ. ಗುಡ್ಡಪ್ಪ ಮಾಸ್ತರರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಅಭ್ಯಾಸದ ಯೋಜನೆ ಬರೆದುಕೊಟ್ಟಿದ್ದಾರೆ. ಸೋಮವಾರ ಮಲಗಿ ದೂಡುವುದು, ಬುಧವಾರ ಹೆಗಲ ಮೇಲೆ ಹೊತ್ತು ಕೂತೇಳುವುದು, ಶುಕ್ರವಾರ ನೆಲದಿಂದ ಎತ್ತುವುದು. ತಿಂಗಳಿಗೆ ಎರಡೂವರೆ ಕಿಲೋ ಏರಿಸುವುದು. ಯುಗಾದಿಯ ನಂತರ ಮೊಟ್ಟೆ ದಿನಕ್ಕೆ ಎರಡರಿಂದ ನಾಲ್ಕು. ಗುಜರಿ ಗೋಡೆಗೆ ಅಂಟಿಸಿದ ಈ ಹಾಳೆಯನ್ನು ರಜಾಕ್ ದಿನವೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದೆ: 'ತೊಡೆ ಮುಟ್ಟಬಾರದು.'

ಮಾಸ್ತರರು ನನಗೆ ಲೆಕ್ಕ ಬಿಡಿಸಿ ಹೇಳಿದ್ದರು. "ವಾರಕ್ಕೆ ಮೂವತ್ತು ಸಲ ನಾನು ಸರಿಯಾಗಿ ಎತ್ತಿಸ್ತೀನಿ. ಇವ ಗೂಡ್ಸ್ ಷೆಡ್ಡಿನಾಗೆ ದಿನಕ್ಕೆ ನೂರಾ ಹತ್ತು ಸಲ ತೊಡಿ ಕೊಟ್ಟು ಬರ್ತಾನೆ. ಯಾರು ಗೆಲ್ತಾರೆ ಹೇಳ್ರಿ? ಅವನ ಮೈಯಾಗೆ ಇನ್ನೊಂದು ವರ್ಷ ಐತೆ, ಭಾಳ ಅಂದ್ರೆ ಎರಡು. ಷೆಡ್ಡಿನಾಗೆ ತೊಡಿ ಬಿಡ್ಲಿಲ್ಲ ಅಂದ್ರೆ ಇಲ್ಲೂ ಬಿಡಲ್ಲ."

ತೊಡೆ ಬಿಡುವ ದಾರಿ ಕಷ್ಟದ್ದೇನಲ್ಲ. ಇಬ್ಬರು ಎತ್ತಿದರೆ ತೊಡೆ ಬೇಕಾಗಿಯೇ ಇಲ್ಲ. ಮೊದಲೆರಡು ವ್ಯಾಗನ್ನುಗಳ ಜೋಡಿಗಳನ್ನು ನಾನು ಗಮನಿಸಿದ್ದೆ; ಚೀಲ ಅವರ ನಡುವೆ ನೆಟ್ಟಗೆ ಮೇಲೇಳುತ್ತದೆ. ಒಂಟಿಯಾಗಿ ಎತ್ತುವವನಿಗೆ ಮಾತ್ರ ತೊಡೆ ಬೇಕು. ಎದುರಿಗೆ ನಿಲ್ಲಬೇಕಿದ್ದ ಇನ್ನೊಬ್ಬನ ಕೆಲಸವನ್ನು ತೊಡೆ ಮಾಡುತ್ತದೆ. ಹಾಗಾದರೆ ಇವರಿಗೆ ಜೋಡಿ ಯಾಕಿಲ್ಲ?

ಹಮಾಲರ ಮೇಸ್ತ್ರಿ ಜಂಬಯ್ಯನವರನ್ನು ಕೇಳಿದೆ. ಮುಸಲ್ಮಾನರೆಂದೋ, ಹುಂಬರೆಂದೋ, ಏನಾದರೂ ಕಾರಣ ಹೇಳುತ್ತಾರೆಂದು ಪೆನ್ನು ಹಿಡಿದು ಕುಳಿತಿದ್ದೆ. ಪತ್ರಕರ್ತರ ಬುದ್ಧಿ. ಜಂಬಯ್ಯ ಬೀಡಿ ಆರಿಸಿ, "ನಾನು ಕೊಡಲ್ಲ ಅಂದಿಲ್ರಿ. ಆರು ವರ್ಷದಾಗೆ ಮೂರು ಜನನ್ನ ಕೊಟ್ಟೆ. ಮೂರು ಸಲನೂ ಅವನೇ ವಾಪಸ್ ಕಳಿಸ್ದ. ಬ್ಯಾಡ ಮೇಸ್ತ್ರಿ, ಒಬ್ನೇ ಸಾಕು ಅಂದ. ನಾವು ಸುಮ್ಕಾದ್ವಿ" ಎಂದರು. ಮೊದಲು ಜೋಡಿ ಇತ್ತು ಎಂದೂ ಹೇಳಿದರು. ಕುಕ್ಕುವಾಡದ ಬೋರಣ್ಣ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ವ್ಯಾಗನ್ನಿನಲ್ಲಿ ನಿಂತವರು. ಆರು ವರ್ಷದ ಹಿಂದೆ, ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಕಾಲು ಜಾರಿ ಬೋರಣ್ಣನ ಬೆನ್ನು ಹೋಯಿತು, ಊರು ಸೇರಿಕೊಂಡ. ಅದು ಎಲ್ಲರಿಗೂ ಗೊತ್ತಿರುವ ಕತೆ.

ಮಧ್ಯಾಹ್ನ ರಜಾಕರ ಗುಜರಿ ಅಂಗಡಿಯ ಹಿಂದೆ ಬಿಸಿಲು ಕಬ್ಬಿಣದ ಮೇಲೆ ಬಿದ್ದಿದೆ. ದೂರದಲ್ಲಿ ಕಾರ್ಖಾನೆಯ ಸೈರನ್ ಕೂಗುತ್ತದೆ, ಸೈಕಲ್ಲುಗಳು ಹೋಗುವ ಸದ್ದು. ಮಕ್ತುಮ್ ಸಾಬರು ಶಾಫ್ಟಿನ ಮುಂದೆ ನಿಲ್ಲುತ್ತಾರೆ. ಬಾಗುತ್ತಾರೆ, ಎತ್ತುತ್ತಾರೆ. ನಾಲ್ಕು ಸಲ ಸರಿಯಾಗಿ ಏಳುತ್ತದೆ. ಐದನೆಯ ಸಲ ದಣಿವು ಬಂದಾಗ ಮೊಣಕಾಲು ಬಾಗಿ, ತೊಡೆ ತಾನಾಗಿಯೇ ಮುಂದೆ ಬರುತ್ತದೆ. ಶಾಫ್ಟು ಕೆಳಗಿಟ್ಟು ತೊಡೆಯ ಮೇಲೆ ಅಂಗೈಯಿಂದ ಪಟ್ಟನೆ ಹೊಡೆದುಕೊಳ್ಳುತ್ತಾರೆ, ತುಂಟ ದನಕ್ಕೆ ಹೊಡೆದ ಹಾಗೆ. ನನಗೆ ನಗು ಬಂತು. ಅವರ ಮುಖ ನೋಡಿ ನಿಲ್ಲಿಸಿದೆ.

ಈ ಆಟದಲ್ಲಿ ನಿಮಗೆ ಸೇರಿದ್ದು ಏನು ಎಂದು ಕೇಳಿದೆ. ಬಲ, ಹೆಸರು, ಚಪ್ಪಾಳೆ ಎನ್ನಬಹುದೆಂದುಕೊಂಡಿದ್ದೆ.

"ಎತ್ತಿ ನಿಂತ ಮ್ಯಾಲೆ ಎದುರಿಗೆ ಒಬ್ರು ಕುಂತಿರ್ತಾರಲ್ರಿ, ಅವರು ಕೈ ಇಳಿಸಾತನಕ ನಾವು ಇಳಿಸಂಗಿಲ್ಲ. ಎದುರಿಗಿದ್ದೋರ್ನ ನೋಡ್ಕಂತ ಕಾಯಬೇಕು. ಅದು ನಂಗೆ ಭಾಳ ಸೇರ್ತೈತೆ. ಅದರಾಗೆ ಮಾತ್ರ ನಾನು ಒಂದು ಸಲನೂ ತಪ್ಪಿಲ್ಲ."

ಆಮೇಲೆ ಅವರು ಶಾಫ್ಟಿನ ಮೇಲೇ ಕುಳಿತರು. ರಜಾಕ್ ಒಳಗೆ ಯಾರಿಗೋ ತೂಕ ಮಾಡಿಕೊಡುತ್ತಿದ್ದರು. ನಾನು ಜೋಡಿಯ ಮಾತು ಎತ್ತಿದೆ. ಮೇಸ್ತ್ರಿ ಕೊಟ್ಟವರನ್ನು ಯಾಕೆ ಬೇಡ ಎಂದಿರಿ ಎಂದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಯಾಕೆಂದರೆ ಅವರು ಅದನ್ನು ಒಂದೇ ಉಸಿರಿಗೆ ಹೇಳಲಿಲ್ಲ.

ಜೋಡಿ ಎತ್ತುವುದಕ್ಕೆ ಒಂದು ಪದ್ಧತಿಯಿದೆ. ಇಬ್ಬರೂ ಚೀಲದ ಕಿವಿ ಹಿಡಿಯಬೇಕು. ಹಿರಿಯನು 'ಹರ' ಎನ್ನಬೇಕು. ಕಿರಿಯನು 'ಹ್ಞೂಂ' ಎನ್ನಬೇಕು. ಆಮೇಲೆ ಚೀಲ ಏಳಬೇಕು. ಹಿರಿಯನು ಬೋರಣ್ಣ. ಹದಿನಾಲ್ಕು ವರ್ಷ ದಿನಕ್ಕೆ ಇನ್ನೂರು ಮುನ್ನೂರು ಸಲ ಬೋರಣ್ಣ 'ಹರ' ಎಂದರು, ಮಕ್ತುಮ್ ಸಾಬರು 'ಹ್ಞೂಂ' ಎಂದರು. ಅದು ಬಿಟ್ಟರೆ ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲವಂತೆ. ಬೇಕಾಗಿಯೂ ಇರಲಿಲ್ಲ.

ಎಪ್ಪತ್ತೆಂಟರ ಆಷಾಢದಲ್ಲಿ ಒಂದು ದಿನ ಮೂರು ವ್ಯಾಗನ್ ಒಟ್ಟಿಗೆ ಬಂದವು. ಮಳೆ ಹಿಡಿದಿತ್ತು. ಉಳಿದ ಜೋಡಿಗಳಿಗಿಂತ ಮೊದಲು ಮುಗಿಸಬೇಕೆಂದು ಮಕ್ತುಮ್ ಸಾಬರಿಗೆ ಹುಮ್ಮಸ್ಸು. ಮೂವತ್ತೊಂದರ ಪ್ರಾಯ, ಮೈಯಲ್ಲಿ ಕಸುವು ತುಂಬಿ ತುಳುಕುತ್ತಿದ್ದ ಕಾಲ. ಬೋರಣ್ಣ ಚೀಲ ಹಿಡಿದುಕೊಂಡೇ, ಒದ್ದೆಯಾದ ಹಲಗೆಯ ಮೇಲೆ ಕಾಲು ಸರಿಯಾಗಿ ಊರಿಕೊಳ್ಳುತ್ತಿದ್ದರು. 'ಹರ' ಎಂದಿರಲಿಲ್ಲ. ಮಕ್ತುಮ್ ಸಾಬರು ಎತ್ತಿಬಿಟ್ಟರು.

"ನನ್ನ ಕಡಿ ಎದ್ದುಬಿಡ್ತು, ಅವನ ಕಡಿ ಏಳ್ಲಿಲ್ಲ. ಅಷ್ಟೂ ತೂಕ ಅವನ ಮ್ಯಾಲೆ ಹೋತು. ಕಾಲು ಜಾರಿದ್ದಲ್ರಿ ಅದು. ಅವನೇ ಎಲ್ಲಾರ್ಗೂ ಜಾರ್ತು ಅಂದ. ಮೇಸ್ತ್ರಿಗೂ ಅಂದ, ಡಾಕ್ಟ್ರಿಗೂ ಅಂದ. ನನ್ನ ಮುಖ ನೋಡ್ಕಂತಾನೇ ಅಂದ. ನಾನು ಬಾಯಿ ಬಿಡ್ಲಿಲ್ಲ."

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವರೇ ಹೇಳಿಕೊಂಡರು. ನಾನು ಹೇಳಿದ್ದರೆ ಅದು ಕ್ರೂರವಾಗುತ್ತಿತ್ತು.

ಆಮೇಲೆ ಮೇಸ್ತ್ರಿ ಕೊಟ್ಟ ಮೂವರನ್ನೂ ಅವರು ವಾಪಸು ಕಳಿಸಿದ್ದಾರೆ. ಎದುರಿಗೆ ಒಬ್ಬ ಮನುಷ್ಯ ಚೀಲ ಹಿಡಿದು ನಿಂತರೆ ತಮ್ಮ ಕೈ ಮೇಲೆ ತಮಗೇ ನಂಬಿಕೆ ಬರುವುದಿಲ್ಲ ಎನ್ನುತ್ತಾರೆ. ಒಬ್ಬರೇ ಎತ್ತಿದರೆ ಒಬ್ಬರಿಗೇ ಪೆಟ್ಟು. ಹಾಗೆ ಶುರುವಾದದ್ದು ತೊಡೆ. ಚಹಾದ ಬೆಂಚಿನಿಂದಲೂ ಯಾರೂ ಅವರನ್ನು ಎಬ್ಬಿಸಲಿಲ್ಲ, ಅವರೇ ಎದ್ದು ನಲ್ಲಿಯ ಪಕ್ಕದ ಕಲ್ಲಿಗೆ ಹೋದರು. ಆರು ವರ್ಷದಲ್ಲಿ ಒಂದು ಸಲ ಕುಕ್ಕುವಾಡದ ಬಸ್ಸು ಹತ್ತಿದ್ದರು. ಬಸ್ ನಿಲ್ದಾಣದ ಎದುರಿನ ಕಟ್ಟೆಯ ಮೇಲೆ ಬೋರಣ್ಣ ಕೋಲು ಹಿಡಿದು, ಮುಂದಕ್ಕೆ ಬಾಗಿ, ಪೇಪರ್ ಓದುತ್ತ ಕುಳಿತಿದ್ದರಂತೆ. ಮಕ್ತುಮ್ ಸಾಬರು ಬಸ್ಸಿನಿಂದ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ವಾಪಸು ಬಂದರು.

ನಾನು ನೋಟು ಪುಸ್ತಕ ಮುಚ್ಚಿದೆ. ಇದನ್ನು ಬರೆಯುವುದಿಲ್ಲ, ಚಿಂತೆ ಮಾಡಬೇಡಿ ಎಂದೆ. ನನಗೆ ನಿಜಕ್ಕೂ ದುಃಖವಾಗಿತ್ತು. ಜನ ಇವರನ್ನು ಒಂಟಿ ಮಾಡಿದ್ದಾರೆಂದು ಬರೆಯಲು ಬಂದವನು ನಾನು. ಅಂಥ ಬರಹ ಸುಲಭ. ಒಬ್ಬ ಮನುಷ್ಯ ತನಗೆ ತಾನೇ ಆರು ವರ್ಷದ ಶಿಕ್ಷೆ ಬರೆದುಕೊಂಡಿದ್ದರೆ ಯಾರ ಮೇಲೆ ರೇಗುವುದು?

ಬಸ್ಸಿಗೆ ಹೊತ್ತಾಯಿತೆಂದು ಏಳುವಾಗ ಅವರು ತಡೆದರು. ಗೋಡೆಯ ಬಳಿ ನಟ್ಟು ಬೋಲ್ಟು ತುಂಬಿದ ಒಂದು ಸಣ್ಣ ಚೀಲವಿತ್ತು. ನಲವತ್ತು ಕಿಲೋ ಇರಬಹುದು. ಅವರು ಒಂದು ಕೈಯಲ್ಲಿ ಎತ್ತಿ ಎಸೆಯಬಲ್ಲ ತೂಕ. ಅದನ್ನು ನಡುವೆ ಎಳೆದಿಟ್ಟು, ಆ ಕಡೆಯ ಎರಡು ಕಿವಿ ಹಿಡಿಯಿರಿ ಎಂದು ನನಗೆ ಹೇಳಿದರು. ಅದರಲ್ಲಿ ಗೇಲಿ ಇರಲಿಲ್ಲ, ಕೇಳಿಕೊಂಡ ಹಾಗಿತ್ತು. ಜೀವಮಾನದಲ್ಲಿ ಅಕ್ಕಿ ಡಬ್ಬ ಬಿಟ್ಟು ಏನನ್ನೂ ಎತ್ತದ ನಾನು ಬಾಗಿ ಹಿಡಿದೆ. ಅವರು ಎದುರಿಗೆ ಬಾಗಿದರು.

"ನೀವು 'ಹರ' ಅನ್ಬೇಕ್ರಿ" ಎಂದರು. "ನೀವು ಅನ್ನಾತನಕ ನಾನು ಎತ್ತಲ್ಲ."

ಹೇಳಲು ಹೋದೆ. ಬಾಗಿದ್ದಕ್ಕೆ ಕನ್ನಡಕ ಮೂಗಿನಿಂದ ಜಾರಿತು. ಒಂದು ಕೈ ಬಿಟ್ಟು ಸರಿಮಾಡಿಕೊಂಡೆ. ಮತ್ತೆ ಹಿಡಿಯುವಾಗ ಬೆರಳು ಗೋಣಿಯ ದಾರಕ್ಕೆ ಸಿಕ್ಕಿತು, ಬಿಡಿಸಿಕೊಂಡೆ. ಕಾಲ ಕೆಳಗೆ ಕಬ್ಬಿಣದ ಚೂರು ಇತ್ತು, ಅದನ್ನು ಒದ್ದು ಸರಿಸಿ ಪಾದ ಊರಿಕೊಂಡೆ. ಇಷ್ಟಕ್ಕೆ ಎಷ್ಟು ಹೊತ್ತಾಯಿತೋ. ತಲೆಯೆತ್ತಿ ನೋಡಿದರೆ ಅವರು ಹಿಡಿದದ್ದು ಹಿಡಿದ ಹಾಗೇ ಇದ್ದರು. ತೋಳಿನ ನರ ಉಬ್ಬಿದ್ದವು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕಣ್ಣು ನನ್ನ ಬಾಯಿಯ ಮೇಲಿತ್ತು. ನಲವತ್ತು ಕಿಲೋಗೆ ಅಷ್ಟು ಬೆವರುವ ಆಸಾಮಿ ಅವರಲ್ಲ.

"ಹರ" ಎಂದೆ.

"ಹ್ಞೂಂ" ಎಂದರು.

ಚೀಲ ನಮ್ಮಿಬ್ಬರ ನಡುವೆ ಎದ್ದಿತು. ಒಂದು ಕಡೆಗೂ ವಾಲಲಿಲ್ಲ. ನನ್ನ ಬೆನ್ನಿಗೆ ಏನೂ ಆಗಲಿಲ್ಲ. ಅವರ ಬಲತೊಡೆ ಇದ್ದಲ್ಲೇ ಇತ್ತು. ಎದೆಯ ಮಟ್ಟದಲ್ಲಿ ಹಿಡಿದು ನಿಂತು, ನಾನು ಹೇಳುವವರೆಗೆ ಇಳಿಸಲೂ ಇಲ್ಲ.

ನಾಳೆಯೇ ಮೇಸ್ತ್ರಿಯ ಹತ್ತಿರ ಜೋಡಿ ಕೇಳುತ್ತೀರಾ ಎಂದೆ. ಕೇಳಬೇಕು, ಆದರೆ ಮೊದಲು ಬೋರಣ್ಣನಿಗೆ ಹೇಳಬೇಕು ಎಂದರು. ಮತ್ತೆ ಬಸ್ಸು ಹತ್ತಿದರೆ ಮತ್ತೆ ಇಳಿಯುವುದಿಲ್ಲವೇನೋ ಎಂಬ ಅನುಮಾನ ಅವರಿಗೇ ಇದೆ. ಟವೆಲಿನಿಂದ ಮುಖ ಒರೆಸಿಕೊಂಡು, ನಾನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ ನೋಟು ಪುಸ್ತಕವನ್ನು ನೋಡಿದರು.

"ಅದನ್ನೂ ಬರೀರಿ" ಎಂದರು. "ಬೋರಣ್ಣಗೆ ಓದಾಕ ಬರ್ತೈತೆ. ಮಕ್ತುಮಗೆ ಈಗ ಕಾಯಾಕ ಬರ್ತೈತೆ ಅಂತ ಬರೀರಿ. ನನ್ನ ಹೆಸರು ಸಣ್ಣದಾದ್ರೂ ನಡಿತೈತೆ. ಅವಂದು ದಪ್ಪ ಅಕ್ಷರದಾಗೆ ಹಾಕ್ರಿ."